ಗೇಟಿನಿಂದಲೇ ಹಿಂತಿರುಗಿದ ಶಾಲೆ

ಪುಣೆಗೆ ಹೊಸದಾಗಿ ಬರುವ ಕನ್ನಡದವರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ನನ್ನ ಕೆಲಸ. ಬೋರ್ಡಿಲ್ಲ, ಆಫೀಸಿಲ್ಲ, ಒಂದು ಸ್ಕೂಟಿ, ಒಂದು ಫೋನು, ಜೊತೆಗೆ ಸುಮ್ಮನಿರಲಾರದ ನನ್ನ ನಾಲಿಗೆ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲಿ ಕೂತು ಯಜಮಾನರ ತಪ್ಪು ಹುಡುಕುವುದಕ್ಕಿಂತ ಮಂದಿಗೆ ಮನೆ ಹುಡುಕುವುದು ವಾಸಿ ಎಂದುಕೊಂಡು ಶುರು ಮಾಡಿದೆ. ಯಜಮಾನರು ಇದಕ್ಕೆ ಎಷ್ಟು ಬೇಗ ಒಪ್ಪಿದರೆಂದರೆ ನನಗೇ ಸ್ವಲ್ಪ ಸಿಟ್ಟು ಬಂತು.

ಮನೆ ಕೇಳಲು ಬರುವವರು ಮೊದಲು ನೀರಿನ ವಿಚಾರ ಕೇಳುತ್ತಾರೆ, ಆಮೇಲೆ ಶಾಲೆಯದು. ಬೆಂಗಳೂರು, ಮೈಸೂರಿನ ಕಡೆಯಿಂದ ಬರುವ ಕಂಪ್ಯೂಟರಿನ ಮಂದಿಗೆ ನಾನು ಹೇಳುವುದೇನೂ ಉಳಿದಿರುವುದಿಲ್ಲ. "ಆಂಟಿ, ರಿವ್ಯೂಸ್ ಎಲ್ಲಾ ಚೆಕ್ ಮಾಡಿದೀವಿ, ಆ ಸ್ಕೂಲಿಗೆ ಫೋರ್ ಸ್ಟಾರ್ ಇದೆ, ನೀವು ಫ್ಲಾಟ್ ತೋರ್ಸಿ ಸಾಕು" ಎನ್ನುತ್ತಾರೆ. ಪಾಲಿಕೆ ಶಾಲೆಗೆ ಮಕ್ಕಳನ್ನು ಹಾಕುವವರಿಗೆ ಆ ಅನುಕೂಲವಿಲ್ಲ. ಹೋಟೆಲಿನಲ್ಲಿ ದುಡಿಯುವವರು, ಗಾಡಿ ಓಡಿಸುವವರು, ಆಸ್ಪತ್ರೆಯ ಆಯಾಗಳು ಕೇಳುವ ಶಾಲೆಗಳಿಗೆ ಯಾರೂ ಸ್ಟಾರ್ ಕೊಟ್ಟಿರುವುದಿಲ್ಲ. ಯಾವುದರಲ್ಲಿ ಪಾಠ ನಡೆಯುತ್ತದೆ, ಯಾವುದರಲ್ಲಿ ಬರೀ ಹಾಜರಿ ನಡೆಯುತ್ತದೆ ಎಂದು ತಿಳಿಯಬೇಕಾದರೆ ಯಾರಾದರೂ ಎದ್ದು ಹೋಗಿ ನೋಡಬೇಕು. ಹಾಗೆ ಹೋಗಿ ನೋಡುವವಳು ನಾನೇ ಆದೆ. ಗೇಟಿನ ಹೊರಗೆ ನಿಲ್ಲುವುದು, ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡುವುದು, ಮಧ್ಯಾಹ್ನದ ಖಿಚಡಿಯ ವಾಸನೆ ಹಿಡಿಯುವುದು, ಕಸ ಗುಡಿಸುವ ಹೆಂಗಸಿನ ಹತ್ತಿರ ಕಷ್ಟಸುಖ ಮಾತಾಡುವುದು. ನಾಲ್ಕು ವರ್ಷ ಹೀಗೆ ಮಾಡಿ, ಶಾಲೆಯನ್ನು ಒಂದು ಸಲ ನೋಡಿದರೆ ಸಾಕು ಅದರ ಜಾತಕ ಹೇಳಬಲ್ಲೆ ಎಂಬ ಜಂಬ ನನಗೆ ಬಂದಿತ್ತು. ಆ ಜಂಬ ಇಳಿದದ್ದು ಒಂದು ಹುಡುಗಿಯಿಂದ.

ಒಂದು ಮೇ ತಿಂಗಳ ಮಧ್ಯಾಹ್ನ ಕರಾವಳಿಯ ಗಂಡ ಹೆಂಡತಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಆತ ಇಲ್ಲಿನ ಶಿವಾಜಿನಗರದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವವ. ಮಗಳು ಹುಟ್ಟುವ ಮೊದಲಿನಿಂದಲೂ ಪುಣೆಯಲ್ಲೇ ಇದ್ದ, ಹೋಟೆಲಿನ ಮೇಲಿನ ಕೋಣೆಯಲ್ಲಿ ಉಳಿದವರೊಂದಿಗೆ ಚಾಪೆ ಹಾಸಿಕೊಂಡು. ಹೆಂಡತಿ ಮಗಳು ಊರಿನಲ್ಲಿ, ಆಕೆಯ ತಾಯಿಯ ಜೊತೆ. ವರ್ಷಕ್ಕೆ ಎರಡು ಸಲ ಹೋಗಿ ಮಗಳ ಮುಖ ನೋಡಿ ಬರುತ್ತಿದ್ದ. ಈಗ ಮೂವರೂ ಒಂದು ಕಡೆ ಇರೋಣ ಎಂದು ತೀರ್ಮಾನಿಸಿದ್ದರು. ಮಾತೆಲ್ಲ ಆಕೆಯದೇ.

"ನೋಡಿ ಅಕ್ಕ, ದೊಡ್ಡ ಮನೆ ಎಲ್ಲ ನಂಗೆ ಬೇಡ. ಮಗಳಿಗೆ ಒಂದು ಒಳ್ಳೆ ಶಾಲೆ ಹತ್ತಿರ ಇದ್ರೆ ಸಾಕು. ಊರಲ್ಲಿ ಅವಳು ಕ್ಲಾಸಿಗೇ ಫಸ್ಟ್. ಕನ್ನಡದಲ್ಲಿ ಕಲ್ತದ್ದು, ಇಲ್ಲಿ ಮರಾಠಿ. ಅವಳ ಓದು ಹಾಳು ಮಾಡಿ ನಾವು ಒಟ್ಟಿಗೆ ಇರುವುದು ನಂಗೆ ಮನಸ್ಸಿಲ್ಲ. ದೀಪಾವಳಿವರೆಗೆ ನೋಡ್ತೇನೆ. ಸರಿ ಹೋಗದಿದ್ರೆ ಅವಳನ್ನು ಕರ್ಕೊಂಡು ಊರಿಗೆ ವಾಪಸ್."

"ನೀವೇನಂತೀರಿ?" ಎಂದು ನಾನು ಆತನನ್ನು ಕೇಳಿದೆ.

"ಅವಳು ಹೇಳಿದ ಹಾಗೆ," ಎಂದ. ಅಷ್ಟು ಹೇಳುವಾಗ ಆತ ನಮ್ಮ ನೆಲದ ಟೈಲ್ಸನ್ನು ನೋಡುತ್ತಿದ್ದ. ಹಾಗೆ ನೋಡುವಂಥದ್ದು ನಮ್ಮ ಟೈಲ್ಸಿನಲ್ಲಿ ಏನೂ ಇಲ್ಲ.

ಆತನ ಬಸ್ಸಿಗೆ ಅನುಕೂಲವಾಗುವ ಭಾಗದಲ್ಲಿ ಎರಡು ಪಾಲಿಕೆ ಶಾಲೆಗಳಿದ್ದವು. ಮೊದಲನೆಯದು ರಸ್ತೆಯ ಮೇಲೆಯೇ. ಗೋಡೆಯ ತುಂಬ ಹೊಸ ಬಣ್ಣ, ಗಿಡಗಳಿಗೆ ಕಟ್ಟೆ, ಸೆಮಿ-ಇಂಗ್ಲಿಷ್ ಎಂಬ ದೊಡ್ಡ ಬೋರ್ಡು. ಎಂದರೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಜೂನಿನಲ್ಲಿ ಶಾಲೆ ಶುರುವಾದ ವಾರವೇ ಹೋದೆ. ಮುಖ್ಯಾಧ್ಯಾಪಕರು ಎದ್ದು ನಿಂತು ಕುರ್ಚಿ ಕೊಟ್ಟರು, ಪಾಠ ತೋರಿಸುವ ದೊಡ್ಡ ಪರದೆ ಬಂದಿರುವ ವಿಷಯ ಹೇಳಿದರು, ಶುಂಠಿ ಹಾಕಿದ ಚಹಾ ತರಿಸಿದರು. ಜೊತೆಗೆ ಎರಡು ಬಿಸ್ಕತ್ತು. ನಮ್ಮ ಕಡೆಯವರ ಒಂದು ದೌರ್ಬಲ್ಯ ಹೇಳುತ್ತೇನೆ: ಒಬ್ಬರ ಮನೆಯ ಚಹಾ ಕುಡಿದ ಮೇಲೆ ಅವರನ್ನು ಪರೀಕ್ಷೆ ಮಾಡುವಂಥ ಮಾತು ನಮ್ಮ ಗಂಟಲಿನಿಂದ ಹೊರಡುವುದಿಲ್ಲ. ಮೂರನೇ ತರಗತಿಗೆ ಟೀಚರ್ ಇದ್ದಾರೆಯೇ, ಆ ಪರದೆ ನಡೆಯುತ್ತದೆಯೇ, ಕನ್ನಡದ ಮಗು ಬಂದರೆ ಏನು ಮಾಡುತ್ತೀರಿ ಎಂದು ಕೇಳಲೇ ಇಲ್ಲ. ಚಹಾ ಭಾಳ ಚೆನ್ನಾಗಿತ್ತು ಎಂದು ಹೇಳಿ ಕೈ ಮುಗಿದು ಬಂದೆ.

ಎರಡನೆಯ ಶಾಲೆ ಒಳಗಿನ ಓಣಿಯಲ್ಲಿತ್ತು. ಹಳೆಯ ಕಟ್ಟಡ, ಅರ್ಧಕ್ಕೆ ತಗಡಿನ ಮಾಡು. ಊಟದ ಬಿಡುವಿನ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ಹತ್ತಿರದಲ್ಲೇ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಮೊಣಕಾಲವರೆಗೆ ಸಿಮೆಂಟಿನ ದೂಳು. ಇಬ್ಬರು ಹುಡುಗರು ಒಂದು ಚೆಂಡಿಗಾಗಿ ಜಗಳ ತೆಗೆದಿದ್ದರು. "ಏ, ಅದು ನಂದದಲೇ, ಕೊಡು." "ನಿಂದಲ್ಲ ನೋಡು, ನಿಮ್ಮಪ್ಪಗ ಹೇಳ್ತೀನಿ." ಅಚ್ಚ ಕನ್ನಡ, ಯಾದಗಿರಿ ಕಡೆಯದು. ಪುಣೆಯ ಓಣಿಯಲ್ಲಿ ನಮ್ಮ ಸೀಮೆಯ ಮಾತು ಕೇಳಿದರೆ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾಚಿಕೆಯಾಯಿತು. ಅಲ್ಲಿಂದಲೇ ಸ್ಕೂಟಿ ತಿರುಗಿಸಿದೆ.

ಯಾಕೆಂದು ಆಗ ಯಾರಾದರೂ ಕೇಳಿದ್ದರೆ ತಗಡಿನ ಮಾಡು, ಕೆಟ್ಟ ಓಣಿ ಎಂದು ನೂರು ಸಬೂಬು ಹೇಳುತ್ತಿದ್ದೆ. ನಿಜ ಬೇರೆ. ಹೊಸದಾಗಿ ಬಂದಾಗ ಬಸ್ಸಿನಲ್ಲಿ ನಾನು ಕನ್ನಡ ಮಾತಾಡಿದರೆ ಪಕ್ಕದವರು ಬಿಲ್ಡಿಂಗ್ ಕೆಲಸಕ್ಕೆ ಬಂದವಳೇ ಎಂದು ಕೇಳುತ್ತಿದ್ದರು. ಒಂದು ಸಲವಲ್ಲ, ಹತ್ತು ಸಲ. ಹಾಗೆ ಕೇಳಿಸಿಕೊಳ್ಳಬಾರದೆಂದು ಇಸ್ತ್ರಿ ಸೀರೆ ಉಟ್ಟೆ, ಹೊರಗೆ ಕಾಲಿಟ್ಟರೆ ಮರಾಠಿಯನ್ನೇ ಆಡಿದೆ. ಆ ಮಕ್ಕಳ ದೂಳು ನನ್ನ ಸೀರೆಗೂ ಹತ್ತೀತು ಎಂಬ ಭಯ ಮೂವತ್ತು ವರ್ಷವಾದರೂ ಹೋಗಿರಲಿಲ್ಲ. ನಮ್ಮದೇ ಮಂದಿಯ ಮಕ್ಕಳು ಕಲಿಯುತ್ತಾರೆಂದೇ ಆ ಶಾಲೆ ಕೀಳು ಎಂದು ತೀರ್ಮಾನಿಸಿದ್ದೆ.

ಬಣ್ಣದ ಶಾಲೆಯ ಎದುರಿಗೇ ಅವರಿಗೆ ಮನೆ ಕೊಡಿಸಿದೆ. "ಶಾಲಿ ಭಾಳ ಛಲೋ ಅದ, ಕಣ್ಣು ಮುಚ್ಚಿ ಹಾಕ್ರಿ," ಎಂದೆ. ಆಕೆ ನನ್ನ ಮಾತು ನಂಬಿದಳು. ಹನ್ನೊಂದು ತಿಂಗಳ ಕರಾರು ಮಾಡಿಕೊಂಡರು.

ಗಣಪತಿ ಹಬ್ಬ ಮುಗಿದ ಮೇಲೆ ಆಕೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಹುಡುಗಿ ಅರ್ಧ ಇಳಿದುಹೋಗಿದ್ದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ ಎಂದಳು ತಾಯಿ. ಡಾಕ್ಟರಿಗೆ ಏನೂ ಸಿಗಲಿಲ್ಲವಂತೆ. ನಾನು ಹುಡುಗಿಯ ನೋಟ್‌ಬುಕ್ ಇಸಿದುಕೊಂಡು ನೋಡಿದೆ. ಪುಟ ಪುಟವೂ ಮರಾಠಿ, ಮುತ್ತು ಪೋಣಿಸಿದ ಹಾಗೆ ಅಕ್ಷರ.

"ಎಷ್ಟು ಚಂದ ಬರದೀಯವಾ. ಇದೇನು, ಓದು ನೋಡೋಣ."

"ನಂಗೆ ಗೊತ್ತಿಲ್ಲ," ಎಂದಳು. "ಬೋರ್ಡಲ್ಲಿ ಇದ್ದದ್ದನ್ನು ನೋಡಿ ಬರೆದದ್ದು."

ಮೂರು ತಿಂಗಳಿನಿಂದ ಆ ಮಗು ಅಕ್ಷರಗಳ ಚಿತ್ರ ಬರೆಯುತ್ತಾ ಕೂತಿತ್ತು. ಕ್ಲಾಸಿಗೆ ಫಸ್ಟ್ ಬರುತ್ತಿದ್ದ ಮಗು.

ಮರುದಿನ ಆ ಶಾಲೆಗೆ ಹೋದೆ. ಚಹಾ ಬೇಡವೆಂದೆ. ಮೂರನೇ ತರಗತಿಯ ಟೀಚರನ್ನು ಶಾಲೆ ಶುರುವಾದಾಗಲೇ ಮತದಾರರ ಪಟ್ಟಿಯ ಕೆಲಸಕ್ಕೆ ಕಳಿಸಿದ್ದರು. ಎರಡು ತರಗತಿ ಸೇರಿಸಿ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಆ ದೊಡ್ಡ ಪರದೆಯ ಮೇಲೆ ಕಸೂತಿಯ ಬಟ್ಟೆ ಹೊದಿಸಿತ್ತು. ಅಷ್ಟು ಮಕ್ಕಳನ್ನು ಸಂಭಾಳಿಸುತ್ತಿದ್ದ ಟೀಚರ ದನಿ ಒಡೆದುಹೋಗಿತ್ತು. ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ನಾನು ಜೂನಿನಲ್ಲಿ ಎರಡು ಪ್ರಶ್ನೆ ಕೇಳಿದ್ದರೆ ಇದು ಆಗಲೇ ತಿಳಿಯುತ್ತಿತ್ತು.

ಹಾಗೆಯೇ ರಸ್ತೆ ದಾಟಿ ಅವರ ಮನೆಗೆ ಹೋಗಿ, "ತಪ್ಪು ನಂದು," ಎಂದೆ. "ನಾ ಸರಿ ನೋಡಲಿಲ್ಲ. ಬರೀ ಬಣ್ಣ ನೋಡಿದೆ."

ಆಕೆ ಬಯ್ಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಆಕೆ ಸೊಪ್ಪು ಸೋಸುವುದನ್ನು ನಿಲ್ಲಿಸಿ, "ನೀವು ಬೇಕಂತ ಮಾಡಿದ್ದಲ್ಲವಲ್ಲ ಅಕ್ಕ," ಎಂದಳು. "ದೀಪಾವಳಿಗೆ ಇನ್ನು ಸ್ವಲ್ಪ ದಿನ ಉಂಟು. ಬೇರೆ ಎಂತಾದ್ರೂ ಆಗ್ತದಾ ನೋಡಿ." ಆ ಸ್ವಲ್ಪ ದಿನವನ್ನು ನನಗೆ ಕೊಟ್ಟದ್ದಕ್ಕೆ ನಾನು ಇಂದಿಗೂ ಆಕೆಗೆ ಋಣಿ. ಇನ್ನೊಬ್ಬರಾಗಿದ್ದರೆ ಅಂದೇ ಬಾಗಿಲು ಹಾಕಿಕೊಂಡು ಗಂಟುಮೂಟೆ ಕಟ್ಟುತ್ತಿದ್ದರು.

ಬೇರೆ ಶಾಲೆ ಎಂದರೆ ಆ ಭಾಗದಲ್ಲಿ ಇನ್ನೊಂದೇ ಇತ್ತು. ನನ್ನ ಕಾಲು ಆ ಓಣಿಗೆ ಸುಲಭವಾಗಿ ಬರಲಿಲ್ಲ. ಎರಡು ದಿನ ಬೇರೆ ಕೆಲಸದ ನೆಪ ಹೇಳಿಕೊಂಡೆ. ಮೂರನೆಯ ದಿನ ಹೋಗಿ, ಈ ಸಲ ಗೇಟಿನ ಒಳಗೆ ಕಾಲಿಟ್ಟೆ. ನಲ್ಲಿ ತಿರುಗಿಸಿದೆ, ನೀರು ಬಂತು. ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ, ಹಗ್ಗ ಕಟ್ಟಿದ್ದರು. ಒಳಗೆ ಮಾತ್ರ ಸ್ವಚ್ಛವಾಗಿತ್ತು. ಮೂರನೇ ತರಗತಿಯ ಟೀಚರನ್ನು ಕಂಡು, ಕೂತು ಪಾಠ ನೋಡಬಹುದೇ ಎಂದು ಕೇಳಿದೆ. ಆಕೆ ಹಿಂದಿನ ಬೆಂಚು ತೋರಿಸಿ ತನ್ನ ಪಾಠಕ್ಕೆ ತಿರುಗಿಕೊಂಡಳು. ನನಗೆ ಕುರ್ಚಿಯೂ ಇಲ್ಲ, ಬಿಸ್ಕತ್ತೂ ಇಲ್ಲ.

ಬಾರಾಮತಿ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ತರಗತಿಯಲ್ಲಿ ಮಾತ್ರ ನಾಲ್ಕು ಭಾಷೆಯ ಮಕ್ಕಳು. ಹೊಸದಾಗಿ ಬಂದ ಮಗುವನ್ನು ಆಕೆ ಅದರದೇ ಮಾತಿನ, ಮರಾಠಿ ಕಲಿತ ಇನ್ನೊಂದು ಮಗುವಿನ ಪಕ್ಕ ಕೂರಿಸುತ್ತಿದ್ದಳು. ಪಾಠ ಹೇಳಿ ಒಂದು ಗಳಿಗೆ ನಿಲ್ಲುವಳು. ಆಗ ಕೋಣೆಯ ತುಂಬ ಗುಸುಗುಸು, ಒಬ್ಬರಿಗೊಬ್ಬರು ತಮ್ಮ ಮಾತಿನಲ್ಲಿ ತಿಳಿಸಿ ಹೇಳುವುದು. ಹೊರಗಿನವರಿಗೆ ಗದ್ದಲವೆನ್ನಿಸಬಹುದು. ನಾನು ಗೇಟಿನ ಹೊರಗಿನಿಂದ ಕೇಳಿದ್ದರೆ ಅದಕ್ಕೂ ಮೂಗು ಮುರಿಯುತ್ತಿದ್ದೆ. ಗೋಡೆಯ ಮೇಲೆ ಒಂದು ರಟ್ಟಿನ ಹಾಳೆ ಇತ್ತು, ಅದರಲ್ಲಿ ಮರಾಠಿ ಲಿಪಿಯಲ್ಲಿ ಬೇರೆ ಬೇರೆ ಭಾಷೆಯ ಮಾತುಗಳು. ಕನ್ನಡದ ಸಾಲಿನಲ್ಲಿ ಮೊದಲು ಬರೆದದ್ದು "ತಿಳೀಲಿಲ್ಲ."

ಅದೇ ಯಾಕೆ ಮೊದಲು ಎಂದು ಬಿಡುವಿನಲ್ಲಿ ಕೇಳಿದೆ. ತಿಳಿಯಲಿಲ್ಲ ಎಂದು ಮಗು ಹೇಳಿದಾಗ ನನಗೆ ತಿಳಿಯಬೇಕಲ್ಲ, ಎಂದು ಆಕೆ ಮರಾಠಿಯಲ್ಲಿ ಹೇಳಿದಳು. ಅವಳೂರಿಗೆ ಕಬ್ಬು ಕಡಿಯಲು ಬರುತ್ತಿದ್ದವರ ಮಕ್ಕಳು ಕೆಲವು ತಿಂಗಳು ಶಾಲೆಯಲ್ಲಿ ಅವಳ ಪಕ್ಕ ಕೂತು, ಒಂದೂ ಮಾತಾಡದೆ ಎದ್ದು ಹೋಗುತ್ತಿದ್ದರಂತೆ. ಚಿಕ್ಕಂದಿನಲ್ಲಿ ಅದನ್ನು ನೋಡಿದ್ದಳು. ಹೇಳಿ ಮುಗಿಸಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಯಾವುದೋ ಮಗುವಿನ ಲಂಗ ಸರಿಮಾಡಲು ಹೋದಳು. ನನಗೆ ಆಕೆಯ ಕಾಲು ಮುಟ್ಟಬೇಕೆನ್ನಿಸಿತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು ಎಂದು ಸುಮ್ಮನಾದೆ.

ಮರುದಿನ ಹುಡುಗಿಯ ತಾಯಿಯನ್ನು ಕರೆತಂದೆ. ಆಕೆ ಅಂಗಳದ ಮಕ್ಕಳನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಈ ಶಾಲಿ ನಾ ಜೂನದಾಗ ನೋಡಿದ್ದೆ," ಎಂದೆ. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. "ಈ ಮಕ್ಕಳನ್ನ ನೋಡೇ ತಿರುಗಿ ಹೋದೆ. ಒಳಗ ಬರಲಿಲ್ಲ. ನಿಮಗ ಹೇಳಲೂ ಇಲ್ಲ."

"ನಮ್ಮ ಮನೆಯವರು ಪುಣೆಗೆ ಬಂದಾಗ ಲೋಟ ತೊಳೀತಾ ಇದ್ದದ್ದು ಅಕ್ಕ," ಎಂದಳು ಆಕೆ. "ಹನ್ನೆರಡು ವರ್ಷದ ಹುಡುಗ. ಯಾರೂ ಶಾಲೆಗೆ ಹೋಗ್ತೀಯಾ ಅಂತ ಕೇಳಿದವರಿಲ್ಲ." ಇಷ್ಟು ಹೇಳಿ ದಾಖಲೆ ಕಾಗದಗಳ ಚೀಲ ಎತ್ತಿಕೊಂಡು ಒಳಗೆ ನಡೆದಳು.

ದಿನಾ ಅಷ್ಟು ದೂರ ಮಗುವನ್ನು ನಡೆಸುವುದು ಆಗದೆಂದು ಮನೆಯನ್ನೂ ಬದಲಿಸಬೇಕಾಯಿತು. ಕರಾರು ಮುಗಿಯುವ ಮೊದಲೇ ಬಿಟ್ಟದ್ದಕ್ಕೆ ಹಳೆಯ ಮನೆಯ ಮಾಲೀಕರು ಗೊಣಗಿದರು. ಅವರಿಗೆ ಒಂದೇ ವಾರದಲ್ಲಿ ಬೇರೆ ಬಾಡಿಗೆದಾರರನ್ನು ತಂದುಕೊಟ್ಟು ಬಾಯಿ ಮುಚ್ಚಿಸಿದೆ. ಓಣಿಯಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ, ಅಡುಗೆಮನೆ ಸಿಕ್ಕಿತು. ದಿನವಿಡೀ ಗಿರಣಿಯ ಸದ್ದು. ಬೆಳಿಗ್ಗೆ ಒರೆಸಿದ ಪಾತ್ರೆಯ ಮೇಲೆ ಮಧ್ಯಾಹ್ನಕ್ಕೆ ಬಿಳಿ ಪುಡಿ. ಇಷ್ಟು ವರ್ಷದಲ್ಲಿ ನಾನು ಕೊಡಿಸಿದ ಮನೆಗಳಲ್ಲಿ ಇದಕ್ಕಿಂತ ಸಾಧಾರಣದ್ದು ಇಲ್ಲ. ಆತ ವಾರದ ರಜೆಯ ದಿನ ಸಾಮಾನೆಲ್ಲ ಸಾಗಿಸಿದ.

ಹೊಸ ಶಾಲೆಯ ಮೊದಲ ದಿನ ಟೀಚರ್ ಹುಡುಗಿಯನ್ನು ಯಾದಗಿರಿಯ ಒಬ್ಬ ಜೋಡಿ ಜಡೆಯ ಹುಡುಗಿಯ ಪಕ್ಕ ಕೂರಿಸಿದಳು. ನಾನೂ ತಾಯಿಯೂ ಬಾಗಿಲಲ್ಲಿ ನಿಂತಿದ್ದೆವು. ಟೀಚರ್ ಏನೋ ಕೇಳಿದಳು. ಜೋಡಿ ಜಡೆಯವಳು ಇವಳ ಕಡೆ ಬಾಗಿ, "ನಿನಗ ಏನೇನ್ ಓದಾಕ ಬರ್ತದ ಅಂತ ಕೇಳಾಕತ್ತಾರ, ಹೇಳು," ಎಂದಳು.

"ನಂಗೆ ಕನ್ನಡ ಪೂರ್ತಿ ಓದ್ಲಿಕ್ಕೆ ಬರ್ತದೆ. ಹದಿನೈದರವರೆಗೆ ಮಗ್ಗಿ ಬರ್ತದೆ," ಎಂದಳು ಇವಳು.

ಜೋಡಿ ಜಡೆಯವಳು ಬೆರಗಾಗಿ ನಮ್ಮ ಕಡೆ ತಿರುಗಿದಳು. "ಇಕಿ ಭಾಳ ಶ್ಯಾಣ್ಯಾಕಿ ಅದಾಳ್ರಿ," ಎಂದು ನಮಗೆ ವರದಿ ಒಪ್ಪಿಸಿ, ಟೀಚರಿಗೆ ಅದನ್ನೇ ಮರಾಠಿಯಲ್ಲಿ ಹೇಳಿದಳು. ಟೀಚರ್ ಹದಿಮೂರರ ಮಗ್ಗಿ ಕೇಳಿದಳು. ಕನ್ನಡದಲ್ಲೇ ಹೇಳಿ ಮುಗಿಸಿದಳು ನಮ್ಮ ಹುಡುಗಿ, ಮೂರು ತಿಂಗಳಲ್ಲಿ ಮೊದಲ ಸಲ ತರಗತಿಯಲ್ಲಿ ಬಾಯಿ ಬಿಟ್ಟು. ಆ ಜೋಡಿ ಜಡೆಯ ಮಗುವಿಗೆ ಮರುದಿನ ಒಂದು ಡಬ್ಬಿ ಕರದಂಟು ಮಾಡಿಕೊಂಡು ಹೋದೆ. ಅದರ ತಾಯಿ ಇಟ್ಟಿಗೆ ಹೊರುವವಳು. ಗೇಟಿನಲ್ಲಿ ನಿಂತು ನಾವಿಬ್ಬರೂ ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಮಾತಾಡಿದೆವು. ಯಾರು ಕೇಳಿಸಿಕೊಂಡರೋ ನಾನು ಗಮನಿಸಲಿಲ್ಲ.

ಬೆಳಗಿನ ಹೊಟ್ಟೆನೋವು ಕಡಿಮೆಯಾಯಿತಂತೆ. ಆದರೂ ದೀಪಾವಳಿಯ ವಿಚಾರ ಆಕೆ ಎತ್ತಲಿಲ್ಲ, ನನಗೆ ಕೇಳಲು ಧೈರ್ಯ ಬರಲಿಲ್ಲ. ಸ್ವಾರಗೇಟ್ ಬಸ್ ನಿಲ್ದಾಣದಿಂದ ಊರಿನ ಬಸ್ಸಿಗೆ ತಾಯಿ ಮಗಳಿಗೆ ಟಿಕೆಟ್ ಆಗಿದೆ ಎಂದಷ್ಟೇ ಗೊತ್ತಿತ್ತು. ಒಂದು ದಿನ ಶಿವಾಜಿನಗರದಲ್ಲಿ ಕೆಲಸವಿತ್ತು, ಆತನ ಹೋಟೆಲಿಗೆ ಹೋದೆ. ಕಾವಲಿ ಬಿಟ್ಟು ಹೊರಗೆ ಬಂದ.

"ಅವಳು ಏನಾದ್ರೂ ಹೇಳಿದ್ಲಾ ಅಕ್ಕ, ನಿಮ್ಮ ಹತ್ರ?"

"ಇಲ್ಲಪಾ. ನಿಮಗ?"

"ಇಲ್ಲ." ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಂಡ. "ಕೇಳ್ಲಿಕ್ಕೆ ಹೆದರಿಕೆ. ಮೇಲಿನ ಕೋಣೆಯಲ್ಲಿ ನನ್ನ ಜಾಗ ಯಾರಿಗೂ ಕೊಡ್ಬೇಡಿ ಅಂತ ಹೇಳಿ ಇಟ್ಟಿದ್ದೇನೆ." ಅಂದು ನನ್ನ ಎಲೆಯಲ್ಲಿದ್ದ ದೋಸೆ ನನಗೆ ಸೇರಲಿಲ್ಲ.

ದೀಪಾವಳಿ ರಜೆಗೆ ಮುಂಚಿನ ಕೊನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೋದೆ. ತಾಯಿ ನಿಂತಿದ್ದಳು. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ ಆತನೂ ಬಂದಿದ್ದ. ಮಗಳ ಶಾಲೆಯನ್ನು ಆತ ನೋಡುತ್ತಿದ್ದದ್ದು ಅದೇ ಮೊದಲು. ಮಕ್ಕಳು ಹೊರಬಂದರು. ನಮ್ಮ ಹುಡುಗಿ, ಜೋಡಿ ಜಡೆಯವಳು ಇಬ್ಬರೂ ಒಂದೇ ಕಾಗದದ ಆಕಾಶಬುಟ್ಟಿಯನ್ನು ಎರಡು ಕಡೆ ಹಿಡಿದುಕೊಂಡು, ಅದು ಯಾರ ಮನೆಗೆ ಹೋಗಬೇಕೆಂದು ಮರಾಠಿ ಕನ್ನಡ ಎರಡರಲ್ಲೂ ಜೋರಾಗಿ ವಾದ ಮಾಡುತ್ತಿದ್ದರು.

"ಮಗಾ," ಎಂದು ಆತ ಕರೆದ.

"ಥಾಂಬಾ, ಬಾಬಾ," ಎಂದಳು ಅವಳು ತಿರುಗಿಯೂ ನೋಡದೆ. ಮರಾಠಿಯಲ್ಲಿ, ತಾಳಿ ಅಪ್ಪ ಎಂದು.

ಆತ ತಾಳಿದ. ವಾದ ಮುಗಿಯಿತು, ಆಕಾಶಬುಟ್ಟಿ ಜೋಡಿ ಜಡೆಯ ಜೊತೆ ಹೋಯಿತು. ಹುಡುಗಿ ಕೆಂಪಗಾದ ಮುಖ ಹೊತ್ತು ನೆಟ್ಟಗೆ ಅಪ್ಪನ ಹತ್ತಿರ ಬಂದಳು. "ನಾನು ಮಾತಾಡುವಾಗ ನೀವು ಯಾಕೆ ನಡುವೆ ಕರೆದದ್ದು? ನಿಮ್ಮಿಂದಲೇ ನಾನು ಸೋತದ್ದು."

"ಏ, ಅಪ್ಪನ ಹತ್ರ ಹಾಗೆಲ್ಲ..." ಎಂದು ತಾಯಿ ಶುರು ಮಾಡಿದಳು.

"ಬಿಡು, ಬಯ್ಯಬೇಡ ಅವಳಿಗೆ." ಆತ ಮಗಳ ಮೇಲಿನ ಕಣ್ಣು ತೆಗೆಯದೆ ಹೇಳಿದ. "ಇಷ್ಟು ವರ್ಷ ನಾನು ಊರಿಗೆ ಬಂದಾಗೆಲ್ಲ ನೆಂಟರ ಹತ್ರ ಮಾತಾಡಿದ ಹಾಗೆ ಮಾತಾಡ್ತಿದ್ಲು. ಒಂದು ದಿನ ನನ್ನ ಮೇಲೆ ಸಿಟ್ಟು ಮಾಡಿದವಳಲ್ಲ."

ಆಕೆ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ವಾಪಸ್ ಬರುವಾಗ ಅಮ್ಮನ ಹತ್ರ ಮಾವಿನ ಮಿಡಿ ಉಪ್ಪಿನಕಾಯಿ ತರ್ತೇನೆ ಅಕ್ಕ, ನಿಮ್ಗೂ ಒಂದು ಭರಣಿ," ಎಂದಳು.

"ವಾಪಸ್ ಬರ್ತೀರೇನು?" ಕೇಳಿಸಿದ್ದರೂ ಇನ್ನೊಮ್ಮೆ ಕೇಳಿದೆ.

"ಬರದೆ? ರಜೆ ಮುಗಿದ ಮೇಲೆ ಅವಳಿಗೆ ಶಾಲೆ ಇಲ್ವಾ?"

ನಾನು ಸ್ಕೂಟಿಯ ಕೀಲಿ ಹುಡುಕುವ ನೆಪದಲ್ಲಿ ಪರ್ಸಿನೊಳಗೆ ಮುಖ ಹಾಕಿದೆ. ಆತ ಮಾತ್ರ ಮುಖ ಮರೆಸಿಕೊಳ್ಳಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳು ಇನ್ನೂ ಬಯ್ಯುತ್ತಿರುವಾಗಲೇ, ಅವಳ ಜೊತೆ ಮನೆಯ ಕಡೆ ನಡೆದ.